ಹನ್ನೆರಡು ಮೀನುಗಳ ನಿದ್ದೆ

“ಎಷ್ಟಕ್ಕೆ ನಿಲ್ಲಿಸಿದ್ದೆ ನಾನು?”

ಕೋಣೆಯಲ್ಲಿ ಉತ್ತರ ಹೇಳುವವರು ಯಾರೂ ಇರಲಿಲ್ಲ. ಗೋಡೆಯುದ್ದಕ್ಕೂ ಹನ್ನೆರಡು ಗಾಜಿನ ತೊಟ್ಟಿಗಳು, ತೊಟ್ಟಿಗೊಂದು ಮೀನು, ಬಾಗಿಲ ಮೇಲೆ ಕೆಂಪು ದೀಪ, ನೀರಿಗೆ ಗಾಳಿ ಊದುವ ಯಂತ್ರದ ಗೊಣಗಾಟ. ಹೊರಗೆ ಬೆಳಗಿನ ಹನ್ನೊಂದೂವರೆ, ಒಳಗೆ ನಡುರಾತ್ರಿ. ಮೀನುಗಳು ಮಲಗುವುದು ಕತ್ತಲಲ್ಲಿ, ಸಂಶೋಧಕರು ಎದ್ದಿರುವುದು ಬೆಳಕಲ್ಲಿ. ಇಬ್ಬರಿಗೂ ಹೊಂದಲೆಂದು ಈ ಕೋಣೆಯ ಹಗಲನ್ನೂ ಇರುಳನ್ನೂ ತಿರುಗುಮುರುಗು ಮಾಡಿಟ್ಟಿದ್ದರು. ನಾಲ್ಕು ವರ್ಷಗಳಿಂದ ಅವಳು ತಿಂಡಿ ಮುಗಿಸಿಕೊಂಡು ಬಂದು ನೇರ ಒಂದು ರಾತ್ರಿಯೊಳಕ್ಕೆ ಹೋಗುತ್ತಿದ್ದಳು. ಸಂಜೆ ಹೊರಬರುವಾಗ ಅಲ್ಲಿಯೂ ರಾತ್ರಿಯಾಗುತ್ತಾ ಇರುತ್ತಿತ್ತು. ಹೀಗಾಗಿ ತನ್ನ ಆಯುಷ್ಯದ ನಾಲ್ಕು ವರ್ಷಗಳನ್ನು ನೆನೆದರೆ ಅವಳಿಗೆ ಒಂದೇ ಒಂದು ಉದ್ದನೆಯ ಇರುಳು ಕಾಣಿಸುತ್ತಿತ್ತು. ಅದರ ನಡುನಡುವೆ ಯಾರೋ ಕಿಟಕಿ ತೆರೆದು ಮುಚ್ಚಿದ ಹಾಗೆ ಚೂರುಚೂರು ಬಿಸಿಲು. ಎಣಿಕೆ ತಪ್ಪಿಹೋಗಿತ್ತು. ಹೆಬ್ಬೆರಳು ಯಾವ ಬೆರಳಿನ ಯಾವ ಗೆಣ್ಣಿನ ಮೇಲಿತ್ತೆಂಬುದೂ ನೆನಪಿರಲಿಲ್ಲ. ಏಳನೆಯ ತೊಟ್ಟಿಯ ಮೀನು ತಳದ ಕಲ್ಲುಗಳಿಗಿಂತ ಒಂದು ಬೆರಳಷ್ಟು ಮೇಲೆ ನಿಂತಿತ್ತು. ನಿಂತಿತ್ತು ಎನ್ನಬೇಕೋ ಮಲಗಿತ್ತು ಎನ್ನಬೇಕೋ, ಅದನ್ನು ತೀರ್ಮಾನಿಸುವುದೇ ಅವಳ ಕೆಲಸ. ಮೂರು ನಿಮಿಷ ಬಾಲ ಅಲುಗದಿದ್ದರೆ, ಕಿವಿರಿನ ಮುಚ್ಚಳ ನಿಮಿಷಕ್ಕೆ ಇಂತಿಷ್ಟೇ ಸಲ ತೆರೆದರೆ, ನಿದ್ದೆ. ಇಲ್ಲವಾದರೆ ಎಚ್ಚರ. ಮೀನಿಗೆ ರೆಪ್ಪೆಯಿಲ್ಲ, ಕಣ್ಣು ಮುಚ್ಚಿ ಉಪಕಾರ ಮಾಡುವ ಜಾತಿಯಲ್ಲ ಅದು. ಬಾಲದ ತುದಿಯಲ್ಲಿ ಎಲ್ಲೋ ಒಂದು ಸಣ್ಣ ಅದುರು ಬಂದಾಗ, ಅದು ಮೀನಿನದೋ ನೀರಿನದೋ ನೋಡುವವಳ ಕಣ್ಣಿನದೋ ಹೇಳುವುದು ಕಷ್ಟ. ಅಂಥ ಅನುಮಾನದ ಜಾಗಗಳಲ್ಲಿ ಅವಳ ಮನಸ್ಸು ಯಾವ ಕಡೆಗೆ ವಾಲುತ್ತಿತ್ತೆಂಬುದು ಅವಳೊಬ್ಬಳಿಗೇ ಗೊತ್ತು. ಪೂರ್ತಿ ಅವಳಿಗೂ ಗೊತ್ತಿಲ್ಲ.

ಇದು ಕೊನೆಯ ಎಣಿಕೆ. ಹೆಗಲಚೀಲದಲ್ಲಿ ಒಂದು ಅರ್ಜಿಯಿತ್ತು: ಸಂಶೋಧನೆಯಿಂದ ಬಿಡುಗಡೆ ಕೋರಿ. ಅದರಲ್ಲಿ ಆರು ಸಹಿಗಳ ಜಾಗ. ಗ್ರಂಥಾಲಯ, ವಸತಿ, ಉಗ್ರಾಣ ಮುಂತಾಗಿ ಐದು ತುಂಬಿದ್ದವು. ಆರನೆಯದು ಮಾರ್ಗದರ್ಶಕರದು. ಮೂರು ಗಂಟೆಗೆ ಬಾ ಎಂದಿದ್ದರು. ನಾಳೆ ಸಂಜೆಯೊಳಗೆ ಆ ಹಾಳೆಯನ್ನು ಮೆಡಿಕಲ್ ಕಾಲೇಜಿನ ಕಿಟಕಿಯಲ್ಲಿ ಕೊಟ್ಟರೆ ಸೀಟು ಅವಳದು. ಇಲ್ಲದಿದ್ದರೆ ಪಟ್ಟಿಯಲ್ಲಿ ಅವಳ ಕೆಳಗೆ ನಿಂತವರದು. ಮೂವತ್ತೆರಡನೆಯ ವಯಸ್ಸಿನಲ್ಲಿ ಇನ್ನೊಂದು ಸಲ ಆ ಪರೀಕ್ಷೆಗೆ ಓದುವ ತ್ರಾಣ ತನಗಿಲ್ಲವೆಂದು ಅವಳಿಗೆ ಖಚಿತವಾಗಿ ಗೊತ್ತಿತ್ತು. ನಿನ್ನೆ ಕಚೇರಿಯಲ್ಲಿ ಗುಮಾಸ್ತೆ ಆ ಅರ್ಜಿಯನ್ನು ಬೆರಳ ತುದಿಯಲ್ಲಿ ಹಿಡಿದು, “ಕಾರಣ ಅನ್ನೋ ಕಡೆ ಖಾಲಿ ಬಿಟ್ಟಿದೀರಲ್ಲ ಮೇಡಂ,” ಎಂದಿದ್ದಳು. ಬೇರೆ ಓದಿಗೆ ಹೋಗ್ತಿದೀನಿ. ಯಾವ ಓದು? ಮೆಡಿಕಲ್. “ಯಾರಿಗೆ, ಮಗಳಿಗಾ?” ಹಿಂದೆ ಸಾಲಿನಲ್ಲಿ ನಿಂತವರಲ್ಲಿ ಯಾರೋ ಕೆಮ್ಮಿದರು. ನನಗೇ, ಎಂದಳು ಅವಳು, ತಪ್ಪೊಪ್ಪಿಕೊಳ್ಳುವವರ ದನಿಯಲ್ಲಿ. ಗುಮಾಸ್ತೆ ಅವಳ ಕಿವಿಯ ಹಿಂದಿನ ಬಿಳಿ ಕೂದಲನ್ನೊಮ್ಮೆ ನೋಡಿ, ಕರುಣೆಯಿಂದಲೇ ಇರಬೇಕು, “ಮದುವೆ ಅಂತ ಬರೀರಿ. ಆ ಕಾರಣಕ್ಕೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ,” ಎಂದಳು. ಅವಳು ಬರೆಯಲಿಲ್ಲ. ಆದರೆ ಪೆನ್ನಿನ ಮುಚ್ಚಳ ತೆಗೆದಿದ್ದಳು. ಅಣ್ಣ ಫೋನಿನಲ್ಲಿ ಬಿದ್ದುಬಿದ್ದು ನಕ್ಕ: “ಹದಿನೆಂಟರ ಮಕ್ಕಳ ಮಧ್ಯೆ ಕೂರ್ತೀಯಲ್ಲೇ, ಮೊದಲ ದಿನ ಎಲ್ಲಾ ಎದ್ದು ನಿಂತು ಗುಡ್ ಮಾರ್ನಿಂಗ್ ಮೇಡಂ ಅಂತಾರೆ ನೋಡು. ಬಿಡಬೇಡ, ಹಾಜರಿ ತಗೊಂಡುಬಿಡು.” ಅಜ್ಜಿಗೆ ಮಾತ್ರ ನಗು ಬರಲಿಲ್ಲ, ಗೊಂದಲವಾಯಿತು. ಹುರುಳಿಕಾಯಿಯ ನಾರು ತೆಗೆಯುತ್ತ ಕೇಳಿದಳು, “ಡಾಕ್ಟರ್ ಆಗೋಕೆ ಅಂತಲ್ವಾ ನೀನು ಅಲ್ಲಿಗೆ ಹೋಗಿದ್ದು? ಈಗ ಡಾಕ್ಟರ್ ಆಗೋಕೆ ಅದನ್ನ ಬಿಡ್ತೀನಿ ಅಂತೀಯ.” ಎರಡು ಥರ ಇರ್ತಾರೆ ಅಜ್ಜಿ. “ಓಹೋ. ಮಾತ್ರೆ ಬರೆದುಕೊಡೋರು, ಬರೀ ಬರೆಯೋರು. ಹಂಗಾ?”

ಹಾಗೇ, ಎಂದುಕೊಂಡಳು ಅವಳು ಕತ್ತಲಲ್ಲಿ. ಏಳನೆಯ ತೊಟ್ಟಿಯ ಕಿವಿರು ತೆರೆಯಿತು, ಮುಚ್ಚಿತು. ಮೊದಲಿನಿಂದ ಶುರು ಮಾಡಿದಳು. ಒಂದು. ಎರಡು. ಎಣಿಕೆಗೆ ಅವಳೊಳಗೆ ಒಂದು ರಾಗವಿತ್ತು, ಅದು ಅಜ್ಜಿಯದು. ಅಜ್ಜಿ ಪುಸ್ತಕ ಹಿಡಿದವಳಲ್ಲ; ತನ್ನ ತಂದೆಯ ಬಾಯಿಂದ ಕೇಳಿ ಕೇಳಿ ಕಾವ್ಯವನ್ನು ಹೊಟ್ಟೆಗೆ ಹಾಕಿಕೊಂಡವಳು. ಬೆಳಗಿನ ಹೊತ್ತು ತೊಡೆಯ ಮೇಲೆ ಮೊಮ್ಮಗಳ ತಲೆಯಿಟ್ಟುಕೊಂಡು ಸಾಲಿಗೆ ಸಾಲು ಹೇಳುತ್ತಿದ್ದಳು. ಕಿವಿಯೊಂದು ಅಜ್ಜಿಯ ಹೊಟ್ಟೆಗೆ ಒತ್ತಿರುತ್ತಿದ್ದುದರಿಂದ ಕಾವ್ಯವೆಂದರೆ ಬಾಯಿಂದ ಬರುವಂಥದ್ದೆಂದು ಅವಳಿಗೆ ಎಷ್ಟೋ ವರ್ಷ ತಿಳಿದಿರಲಿಲ್ಲ. ದೂರದ ಕೋಣೆಯಲ್ಲಿ ಯಾರೋ ಭಾರವಾದ ಪೆಟ್ಟಿಗೆ ಎಳೆದಂತೆ ಅದು ಒಳಗಿನಿಂದ ಬರುತ್ತಿತ್ತು. ಸಾಲು ಮುಗಿಯುವವರೆಗೆ ಅಜ್ಜಿ ಉಸಿರು ಬಿಡುತ್ತಿರಲಿಲ್ಲ. ಎಲ್ಲಾದರೂ ಪದ ಮರೆತುಹೋದರೆ ಆ ಪದ ಹಿಡಿಸುವಷ್ಟು ಹೊತ್ತು ಮೌನವಾಗಿದ್ದು ಮುಂದಿನ ಪದಕ್ಕೆ ಹೋಗುತ್ತಿದ್ದಳು. ಯಾಕಜ್ಜಿ, ಏನಾದ್ರೂ ಹೇಳಬಾರದಾ ಅಲ್ಲಿ? “ಮರೆತ ಜಾಗದಲ್ಲಿ ಸುಮ್ಮನಿರಬೇಕು ಮಗಾ. ನಮ್ಮ ಕೈಯಿಂದ ಹಾಕಿ ತುಂಬಿಸಬಾರದು. ಮನುಷ್ಯರಿಗೆ ಗೊತ್ತಾಗಲ್ಲ, ಕೇಳ್ತಾ ಕೂತಿರೋ ದೇವರಿಗೆ ಗೊತ್ತಾಗುತ್ತೆ.” ಆಗೆಲ್ಲ ಅವಳು ದೇವರನ್ನು ಹಾಗೇ ಕಲ್ಪಿಸಿಕೊಳ್ಳುತ್ತಿದ್ದಳು, ಗೋಡೆಗೊರಗಿ ಕಣ್ಣುಮುಚ್ಚಿ ಕೂತವನು, ಎಲ್ಲ ಪದವನ್ನೂ ಬಲ್ಲವನು, ಯಾವುದನ್ನೂ ಹೇಳಿಕೊಡದವನು. ಇಪ್ಪತ್ತಾರು. ಇಪ್ಪತ್ತೇಳು. ಹೋದ ವರ್ಷ ಆಸ್ಪತ್ರೆಯಲ್ಲಿ ಅಜ್ಜಿಯ ಮಂಚದ ಪಕ್ಕ ಕೂತು ಅವಳು ಇದೇ ರಾಗದಲ್ಲಿ ಅಜ್ಜಿಯ ಉಸಿರು ಎಣಿಸಿದ್ದಳು. ಮೂರು ದಿನ. ಗಂಟೆಗೊಮ್ಮೆ. ಪ್ರಯೋಗದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ಹೊತ್ತು ಬರೆದು, ಪಕ್ಕದಲ್ಲಿ ಅಂಕೆ ಬರೆದು. ಅಕ್ಷರ ಎಷ್ಟು ಚೆಂದವಾಗಿತ್ತೆಂದರೆ ಪಕ್ಕದ ಮಂಚದ ರೋಗಿಯ ಗಂಡ ಅವಳನ್ನೇ ಆಸ್ಪತ್ರೆಯವಳೆಂದು ತಿಳಿದು ಮಾತ್ರೆಯ ಹೊತ್ತು ಕೇಳಿದ್ದ.

ಆ ವಾರ್ಡಿನ ಡಾಕ್ಟರು ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಒಂದು ಚಪ್ಪಲಿಯ ಪಟ್ಟಿ ಕಿತ್ತುಹೋಗಿ ಪಿನ್ನು ಹಾಕಿದ್ದಳು. ಆ ಹಾಳೆಯನ್ನು ಆಸಕ್ತಿಯಿಂದ ನೋಡಿ, “ತುಂಬಾ ಚೆನ್ನಾಗಿ ಬರೆದಿದೀರ,” ಎಂದಳು. ಅವಳಿಗೆ ಹೆಮ್ಮೆಯಾಯಿತು. ಹಾಗೆ ಹೇಳುತ್ತಲೇ ಡಾಕ್ಟರು ಹೊದಿಕೆಯ ಕೆಳಗೆ ಕೈ ಹಾಕಿ ಅಜ್ಜಿಯ ಪಾದವನ್ನು ಹಿಡಿದುಕೊಂಡಳು. ಸಂತೆಯಲ್ಲಿ ಕಳೆದುಹೋಗುವ ಮಗುವಿನ ಕೈ ಹಿಡಿಯುವ ಹಾಗೆ. “ಕಾಲು ಇಷ್ಟು ತಣ್ಣಗಿದೆಯಲ್ಲ, ಎಷ್ಟು ಹೊತ್ತಿಂದ?” ಅವಳಿಗೆ ಗೊತ್ತಿರಲಿಲ್ಲ. ಮೂರು ದಿನದಲ್ಲಿ ಎಪ್ಪತ್ತೆರಡು ಅಂಕೆಗಳಿದ್ದವು. ಯಾವ ಅಂಕೆಯಲ್ಲೂ ಕಾಲು ಇರಲಿಲ್ಲ. ಡಾಕ್ಟರು ಅವಳ ಮುಖ ನೋಡಲಿಲ್ಲ, ಅಷ್ಟು ಪುಣ್ಯ. ಅಜ್ಜಿಯ ಕಡೆ ಬಾಗಿ, “ಏನಮ್ಮಾ, ನಿದ್ದೆ ಬಂತಾ?” ಎಂದು ಕೇಳಿದಳು. ಅಜ್ಜಿ ಒಣಗಿದ ತುಟಿಯಲ್ಲೇ, “ಇವಳು ಪಕ್ಕದಲ್ಲಿ ಕೂತು ಲೆಕ್ಕ ಹಾಕ್ತಿದ್ರೆ ಹೆಂಗಮ್ಮಾ ನಿದ್ದೆ ಬರುತ್ತೆ?” ಎಂದಳು. ಇಬ್ಬರೂ ನಕ್ಕರು. ಅವಳೂ ನಕ್ಕಳು. ನಗುತ್ತಲೇ ಅವಳಿಗೆ ಹೊಳೆದಿದ್ದು, ಮೂರು ವರ್ಷದಿಂದ ನಿದ್ದೆಯನ್ನು ಅಳೆಯುತ್ತಿರುವ ತಾನು ನಿದ್ದೆ ಬಂತಾ ಎಂದು ಯಾರನ್ನೂ ಕೇಳಿಲ್ಲ. ಕೇಳಿದರೆ ಹೇಳುವಂಥವರನ್ನು ಆರಿಸಿಕೊಂಡೂ ಇಲ್ಲ. ಅಜ್ಜಿ ಹುಷಾರಾಗಿ ಮನೆಗೆ ಬಂದಳು. ಆ ಪಾದದ ತಣುಪು ಮಾತ್ರ ಎಲ್ಲಿಗೂ ಹೋಗಲಿಲ್ಲ. ತಾನು ಮುಟ್ಟದೇ ಇದ್ದದ್ದರ ತಣುಪು ಅವಳ ಅಂಗೈಯಲ್ಲಿ ಹೇಗೆ ಬಂತೋ.

ಬಾಗಿಲು ಇಷ್ಟೇ ತೆರೆದು ಮುಚ್ಚಿತು. ಮೀನಣ್ಣ ಒಳಗೆ ಬಂದ. ಇಪ್ಪತ್ತಾರು ವರ್ಷದಿಂದ ಈ ಮೀನುಗಳ ಊಟ, ನೀರು, ಔಷಧಿ ಅವನದೇ. ಅವನ ನಿಜ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಎಲ್ಲೂ ಉಳಿದಿರಲಿಲ್ಲ. ಪ್ರತಿ ಸೋಮವಾರ ಮೀನುಗಳನ್ನು ತೊಟ್ಟಿಯಿಂದ ತೊಟ್ಟಿಗೆ ಬದಲಾಯಿಸುವವನೂ ಅವನೇ. ಯಾವುದಕ್ಕೆ ನಿದ್ದೆಯ ಔಷಧಿ, ಯಾವುದಕ್ಕೆ ಬರೀ ನೀರು ಎಂಬ ಪಟ್ಟಿ ಅವನ ಅಂಗಿಯ ಜೇಬಿನಲ್ಲಿ, ಪ್ಲಾಸ್ಟಿಕ್ಕಿನ ಕವರಿನೊಳಗೆ. ಎಣಿಸುವವರಿಗೆ ಅದು ತಿಳಿಯಕೂಡದು. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನು ನೋಡುತ್ತದೆ. ಇದು ಈ ಕೋಣೆಯ ಮೊದಲ ನಿಯಮ, ಕೊನೆಯ ನಿಯಮ.

“ಮುಗೀತಾ ತಾಯಿ?” ಎಂದ ಪಿಸುದನಿಯಲ್ಲಿ. ಈ ಕೋಣೆಯಲ್ಲಿ ಎಲ್ಲರೂ ಮಗು ಮಲಗಿದ ಮನೆಯವರಂತೆ ಮಾತಾಡುತ್ತಿದ್ದರು.

“ಇನ್ನೈದು ಇದೆ ಮೀನಣ್ಣ. ಎಣಿಕೆ ತಪ್ತಾ ಇದೆ.”

“ತಪ್ಪಲಿ ಬಿಡಿ. ಹೋಗೋ ದಿನ ಎಲ್ಲರಿಗೂ ತಪ್ಪುತ್ತೆ.” ಏಳನೆಯ ತೊಟ್ಟಿಯ ಮುಂದೆ ಬಾಗಿ ನೋಡಿದ. “ಅತ್ತೆ ಇವತ್ತೂ ಮುನಿಸ್ಕೊಂಡಿದಾಳೆ. ನೀವು ಹೋಗೋದು ಗೊತ್ತಾಗಿರಬೇಕು.”

ಅತ್ತೆ. ಬಾಲದ ಮೇಲಂಚಿನಲ್ಲಿ ಸಣ್ಣ ಹರುಕು, ಸದಾ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಲ್ಲುವ ಚಾಳಿ. ಆ ಹೆಸರಿಟ್ಟವನು ಮೀನಣ್ಣ. ಅವಳು ಸೇರಿದ ಎರಡನೆಯ ತಿಂಗಳು, ಒಂದು ಸೋಮವಾರ, ಔಷಧಿಯ ಸಣ್ಣ ಬಾಟಲಿ ಅಲ್ಲಾಡಿಸುತ್ತ ಬಂದು ಹೇಳಿದ್ದ: “ಅತ್ತೆಗೆ ಇವತ್ತಿಂದ ನಿದ್ದೆ ಔಷಧಿ ತಾಯಿ. ಇನ್ನು ಸೊಸೆ ನೆಮ್ಮದಿಯಾಗಿರಬಹುದು.” ಅವಳು ನಕ್ಕುಬಿಟ್ಟಿದ್ದಳು. ಆ ಒಂದು ನಗು. ಅವಳು ಗದರಿದ್ದರೆ, ಸುಮ್ಮನೆ ಮುಖ ತಿರುಗಿಸಿದ್ದರೂ ಸಾಕಿತ್ತು, ಆ ಪಾಪದ ಮನುಷ್ಯ ಮುಂದೆಂದೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಹೊಸ ಜಾಗ, ಯಾರೂ ಮಾತಾಡಿಸದ ದಿನಗಳು, ಕತ್ತಲು. ನಗು ತಾನಾಗಿ ಬಂತು, ಅವನಿಗೆ ಖುಷಿಯಾಯಿತು, ಮುಂದಿನ ಸೋಮವಾರ ಇನ್ನೊಂದು ಹೆಸರು. ಮೇಲೆ ಕೆಳಗೆ ಓಡಾಡುವ ಅಂಚೆಯವನು. ಅಕ್ಕಪಕ್ಕದ ತೊಟ್ಟಿಯಲ್ಲಿಟ್ಟರೆ ಒಬ್ಬರ ಮುಖ ಒಬ್ಬರು ನೋಡದ ಬೀಗರಿಬ್ಬರು. ವರ್ಷ ತುಂಬುವ ಹೊತ್ತಿಗೆ ಹನ್ನೆರಡಕ್ಕೂ ಹೆಸರಿತ್ತು, ಹನ್ನೆರಡರ ಮುಖವೂ ಅವಳಿಗೆ ಗೊತ್ತಿತ್ತು; ಯಾರಿಗೆ ಔಷಧಿ, ಯಾರಿಗೆ ಬರೀ ನೀರು ಎಂಬುದೂ. ಸೋಮವಾರಗಳ ಬದಲಾವಣೆ ಆಮೇಲೆ ಬರೀ ಶಾಸ್ತ್ರವಾಯಿತು, ಪರಿಚಿತರು ಮನೆ ಬದಲಾಯಿಸಿದಂತೆ. ಅವಳು ಸುಳ್ಳು ಅಂಕೆ ಬರೆದವಳಲ್ಲ. ಒಂದನ್ನೂ ಬರೆದಿಲ್ಲ. ಆದರೆ ಅತ್ತೆಯ ಬಾಲ ಅದುರಿತೋ ಇಲ್ಲವೋ ಎಂಬಂಥ ಗಳಿಗೆಗಳಲ್ಲಿ, ಪಾಪ ಮಲಗಿದೆ, ಎನಿಸುತ್ತಿತ್ತು. ಅಂಚೆಯವನು ಅಷ್ಟೇ ಅದುರಿದರೆ, ಇವನೆಲ್ಲಿ ಮಲಗ್ತಾನೆ, ಎನಿಸುತ್ತಿತ್ತು. ಔಷಧಿ ಕೆಲಸ ಮಾಡುತ್ತದೆ ಎಂದು ಅವಳ ಅಂಕೆಗಳು ಹೇಳುತ್ತಿದ್ದವು. ಔಷಧಿಯೇ ಹೇಳಿತೋ, ಅವಳ ಪ್ರೀತಿ ಹೇಳಿತೋ.

“ನಿಮ್ಮ ದೊಡ್ಡ ಸರ್ ಒಂದು ಕಾಗದ ಮಾಡಿಸಿದಾರೆ,” ಎಂದ ಮೀನಣ್ಣ, ಇನ್ನೂ ಬಾಗಿಕೊಂಡೇ. “ಈ ಔಷಧಿ ಬಗ್ಗೆ ಬರೆದ ಲೇಖನದ ಜೊತೆ ಕಳಿಸಬೇಕಂತೆ. ಎಣಿಸೋರಿಗೆ ಯಾವ ಮೀನು ಯಾವುದು ಅಂತ ಗೊತ್ತಿರಲಿಲ್ಲ, ಅಂತ. ನೀವು ಸಹಿ ಹಾಕಬೇಕು. ಪಟ್ಟಿ ನಾನು ಯಾರಿಗೂ ಹೇಳಿಲ್ಲ ಅಂತ ನಾನೂ ಹಾಕಬೇಕು.”

ಅವಳು ತಿರುಗಿ ನೋಡಿದಳು. ಕೆಂಪು ದೀಪದಲ್ಲಿ ಅವನ ಮುಖದ ಅರ್ಧ ಮಾತ್ರ ಇತ್ತು.

“ನೀನು ಹಾಕಿದೆಯಾ?”

“ಬೆಳಿಗ್ಗೆ ಹಾಕಿದೆ.” ಅಂಗಿಯ ಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡ. “ಇನ್ನೆರಡು ವರ್ಷ ಇದೆ ತಾಯಿ ನನಗೆ ನಿವೃತ್ತಿಗೆ. ಪಟ್ಟಿ ನಿಮಗೆ ತೋರಿಸಿದೀನಾ ನಾನು? ಇಲ್ಲ. ಜೇಬಿಂದ ತೆಗೆದೇ ಇಲ್ಲ. ಹೆಸರು ಹಿಡಿದು ಕರೆದ್ರೆ ಅದು ಹೇಳಿದಂಗಾಗುತ್ತಾ?”

ಅವನು ಮಂಡಿ ಹಿಡಿದು ಎದ್ದ. ಬಾಗಿಲ ಹತ್ತಿರ ನಿಂತು, “ಡಾಕ್ಟರ್ ಆದ್ಮೇಲೆ ಈ ಮಂಡಿ ನೋಡಿ ಒಂಚೂರು,” ಎಂದ. ಹೋದ. ಬಾಗಿಲ ಸಂದಿಯಿಂದ ಬಂದ ಬೆಳಕಿನ ಎಳೆ ಹನ್ನೆರಡು ತೊಟ್ಟಿಗಳ ಮೇಲೂ ಹಾದು ಹೋಯಿತು. ಅವಳು ಕೊನೆಯ ಐದನ್ನು ಎಣಿಸಿದಳೋ, ಎಣಿಸಿದಂತೆ ಕನಸು ಕಂಡಳೋ. ಹಾಳೆಯಲ್ಲಿ ಐದು ಅಂಕೆಗಳಿದ್ದವು, ಅಕ್ಷರ ಎಂದಿನಂತೆ ಚೆಂದ. ಗಾಜಿನ ಮೇಲೆ ಬೆರಳಿನಿಂದ ತನ್ನ ಸಹಿ ಗೀಚಿ ನೋಡಿದಳು. ಎರಡು ಕ್ಷಣದ ಕೆಲಸ. ಬಸ್ಸಿನಲ್ಲಿ ಜಾಗ ಬಿಟ್ಟುಕೊಡುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಮೂರಕ್ಕೆ ಸ್ವಲ್ಪ ಮುಂಚೆ ಹೊರಬಂದಾಗ ಮೊಗಸಾಲೆಯಲ್ಲಿ ಬಿಸಿಲು ಇಟ್ಟಿಗೆಯ ಹಾಗೆ ಮುಖಕ್ಕೆ ಬಡಿಯಿತು. ಕಣ್ಣು ಹೊಂದಿಕೊಳ್ಳುವವರೆಗೆ ಅವಳು ಯಾವಾಗಲೂ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಆ ಅರ್ಧ ನಿಮಿಷ ಅವಳಿಗೆ ಇಷ್ಟ, ಎಲ್ಲರೂ ಬಿಳಿಯ ನೀರಿನಲ್ಲಿ ತೇಲಿ ಬರುವವರಂತೆ ಕಾಣುತ್ತಿದ್ದರು. ನಾಳೆ ಸಂಜೆ ಅವಳೂ ಹಾಗೆ ಒಂದು ಹೊಸ ಕಟ್ಟಡದ ಬಾಗಿಲಲ್ಲಿ ತೇಲಿ ಹೋಗುವಳು. ಬಿಳಿ ಕೋಟು ತನಗೆ ಹೇಗೆ ಕಾಣಬಹುದೆಂದು ಯೋಚಿಸಿ ನಾಚಿದಳು. ನಡೆಯುತ್ತ ಮಾತುಗಳನ್ನು ಜೋಡಿಸಿಕೊಂಡಳು, ಬಿಡಿಸಿದಳು. ಹಾಕಿಬಿಡುತ್ತೇನೆ. ಇದು ಮೀನಿನ ಮಾತು, ಯಾರ ಪ್ರಾಣವೂ ಹೋಗುವುದಿಲ್ಲ. ಹೋಗುವುದಿಲ್ಲವೇ? ಈ ಲೇಖನ ಓದಿದವರು ನಾಳೆ ಆ ಔಷಧಿಯನ್ನು ಇಲಿಗೆ ಕೊಡುತ್ತಾರೆ, ಆಮೇಲೆ ಒಂದು ದಿನ ಯಾವುದೋ ವಾರ್ಡಿನಲ್ಲಿ ನಿದ್ದೆ ಬಾರದ ಯಾರೋ ಮುದುಕಿಗೆ. ಆಗ ಮಂಚದ ಪಕ್ಕ ನಿಂತಿರುವವಳು ತಾನೇ ಆಗಿದ್ದರೆ? ಮಾರ್ಗದರ್ಶಕರ ಬಾಗಿಲು ಬಂದುಬಿಟ್ಟಿತು. ಇಷ್ಟು ಹತ್ತಿರವಿತ್ತೆಂದು ಅವಳಿಗೆ ತಿಳಿದೇ ಇರಲಿಲ್ಲ.

“ಬಾಮ್ಮ, ಕೂತ್ಕೋ,” ಎಂದರು. ಮೇಜಿನ ಮೇಲೆ ಪೆನ್ಸಿಲ್ ಹೆರೆದ ಸಿಪ್ಪೆಗಳ ಸಣ್ಣ ಗುಡ್ಡೆ. ಒಳ್ಳೆಯ ಮನುಷ್ಯ. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ಒಂದು ದಿನವೂ ಯಾಕೆ ಬಂದಿಲ್ಲ ಎಂದು ಕೇಳಿದವರಲ್ಲ. ಅವಳು ಬಿಡುತ್ತೇನೆ ಎಂದ ದಿನ ಬೈದಿರಲಿಲ್ಲ. ಕಿಟಕಿಯ ಕಡೆ ನೋಡುತ್ತ, ನಿನ್ನಷ್ಟು ಹೊತ್ತು ಅಲುಗಾಡದೆ ಕೂರೋ ವಿದ್ಯಾರ್ಥಿ ನನಗೆ ಸಿಕ್ಕಿಲ್ಲ, ಎಂದಿದ್ದರು. ಅವಳು ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಅವರು ಅದರ ಪಕ್ಕ ಇನ್ನೊಂದು ಹಾಳೆಯನ್ನಿಟ್ಟರು. ಕೆಳಗೆ ಮೀನಣ್ಣನ ಸಹಿ, ಶಾಲೆಯ ಮಕ್ಕಳದ್ದರಂತೆ ಬಿಡಿಬಿಡಿ ಅಕ್ಷರ, ಕೊನೆಯದು ಗೆರೆಯಾಚೆ ಜಾರಿತ್ತು. ಅವನ ನಿಜವಾದ ಹೆಸರನ್ನು ಅವಳು ಮೊದಲ ಸಲ ಓದಿದಳು.

“ಸರ್, ನನಗೆ ಗೊತ್ತಿತ್ತು,” ಎಂದಳು. ಜೋಡಿಸಿಕೊಂಡ ಮಾತು ಇದಾಗಿರಲಿಲ್ಲ.

“ಏನು?”

“ಯಾವ ಮೀನು ಯಾವುದು ಅಂತ. ಎಲ್ಲಾ ಹನ್ನೆರಡೂ.”

ಅವರು ಪೆನ್ಸಿಲನ್ನು ಕೆಳಗಿಟ್ಟರು. “ಯಾರು ಹೇಳಿದ್ದು?”

“ಯಾರೂ ಇಲ್ಲ. ದಿನಾ ನೋಡ್ತಿದ್ದೆ. ಮುಖ ಗೊತ್ತಾಯ್ತು. ಮಲಗೋ ರೀತಿ ನೋಡಿ ಯಾವುದಕ್ಕೆ ಔಷಧಿ ಅಂತಾನೂ ಗೊತ್ತಾಯ್ತು.” ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಅಚ್ಚರಿ. ಒಂದು ಸತ್ಯ ಹೇಳಲು ಬಂದವಳು ಬಾಗಿಲಲ್ಲೇ ಒಂದು ಸುಳ್ಳು ತೆತ್ತಿದ್ದಳು. “ನನ್ನ ಎಣಿಕೆ ತೆಗೆದುಬಿಡಿ ಸರ್.”

“ನಾಲ್ಕು ವರ್ಷದ್ದಾ?”

“ಮೊದಲ ಒಂದು ತಿಂಗಳದು ಇಟ್ಕೊಳ್ಳಿ. ಅದು ಸರಿಯಾಗಿದೆ.”

ಅವರಿಗೆ ನಗು ಬಂತು. ಬೈಗುಳ ಬರಬಹುದೆಂದು ಹೆಗಲು ಕುಗ್ಗಿಸಿಕೊಂಡಿದ್ದ ಅವಳಿಗೆ ಆ ನಗುವಿನಿಂದ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಕುರ್ಚಿಯಲ್ಲಿ ಕೂರದೆ ಮೇಜಿನ ಅಂಚಿಗೆ ಒರಗಿದರು, ಮನೆಯ ಹಿರಿಯರು ಕೂತಂತೆ.

“ನನ್ನ ಮೀನಿಗೆ ಒಂದೇ ಕಣ್ಣಿತ್ತು,” ಎಂದರು. “ಎಡಗಣ್ಣು. ಯಾವ ತೊಟ್ಟಿಗೆ ಹಾಕಿದರೂ, ಯಾವ ಚೀಟಿ ಅಂಟಿಸಿದರೂ, ಅದೊಂದು ನನಗೆ ತಿಳಿದುಹೋಗೋದು. ಮೂವತ್ತೊಂದು ವರ್ಷದ ಹಿಂದಿನ ಮಾತು. ನಾನೂ ಆಗ ಎರಡು ದಿನ ಊಟ ಬಿಟ್ಟಿದ್ದೆ. ಕೊನೆಗೆ ಇಂಥದ್ದೇ ಕಾಗದ ಬಂತು, ಹಾಕಿದೆ. ಏನಾಯ್ತು ಹೇಳು? ಆಕಾಶ ತಲೆ ಮೇಲೆ ಬಿತ್ತಾ? ನೋಡು, ಈ ಕೋಣೆ, ಆ ತೊಟ್ಟಿಗಳು, ನೀನು ಕೂತಿದ್ದ ಸ್ಟೂಲು, ಎಲ್ಲಾ ಆ ಸಹಿಯಿಂದ ಬಂದದ್ದು.”

ಅವಳು ಕೋಣೆಯನ್ನು ನೋಡಿದಳು. ಕಪಾಟು, ಕಪಾಟಿನ ತುಂಬ ಪುಸ್ತಕ, ಗೋಡೆಯ ಮೇಲೆ ವರ್ಷವರ್ಷದ ವಿದ್ಯಾರ್ಥಿಗಳ ಫೋಟೋ, ಕೊನೆಯದರಲ್ಲಿ ಕಣ್ಣು ಕಿರಿದು ಮಾಡಿಕೊಂಡ ತಾನು. ಎಲ್ಲವೂ ನೀರಿನೊಳಗಿಂದ ಕಂಡಂತೆ ಒಂದಿಷ್ಟು ಅಲ್ಲಾಡಿತು. ಅವರು ಇದನ್ನು ಬೇರೆ ಯಾರಿಗೂ ಹೇಳಿರಲಾರರು ಎಂದು ಅವಳಿಗೆ ಅನಿಸಿತು. ಅವಳ ಮನಸ್ಸು ಕರಗಿತು. ಅವರ ದನಿಯಲ್ಲಿ ಬೆದರಿಕೆ ಇದ್ದಿದ್ದರೆ ಎಷ್ಟು ಸುಲಭವಿತ್ತು. ಇದು ಒಲೆಯ ಮುಂದೆ ಜಾಗ ಮಾಡಿಕೊಟ್ಟು ಬಾ ಕೂತ್ಕೋ ಎಂದಂತಿತ್ತು.

“ಆ ಮೀನು ಮಲಗಿತ್ತಾ ಸರ್?” ಎಂದು ಕೇಳಿದಳು.

“ಯಾವುದು?”

“ಒಂದು ಕಣ್ಣಿಂದು.”

ಅವರು ಬಾಯಿ ತೆರೆದರು. ಹೊರಗೆ ಯಾರೋ ತಳ್ಳುಗಾಡಿಯಲ್ಲಿ ಗಾಜಿನ ಸೀಸೆಗಳನ್ನು ಒಯ್ಯುತ್ತಿದ್ದರು. ಆ ಕಿಣಿಕಿಣಿ ಮೊಗಸಾಲೆಯ ಕೊನೆ ಮುಟ್ಟುವವರೆಗೆ ಇಬ್ಬರೂ ಕೇಳಿದರು.

“ನೆನಪಿಲ್ಲ,” ಎಂದರು ಕೊನೆಗೆ, ಬೇರೆಯದೇ ದನಿಯಲ್ಲಿ. “ಮಲಗಿತ್ತು ಅಂತ ಬರೆದಿದೀನಿ.”

ಆಮೇಲೆ ಕುರ್ಚಿಗೆ ಬಂದು ಕೂತರು. ಎರಡೂ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಅವಳ ಮುಂದೆ ಸರಿಸಿದರು. ಜೇಬಿನಿಂದ ತಮ್ಮ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಮೇಲಿಟ್ಟರು.

“ನೀನು ಇದಕ್ಕೆ ಹಾಕು, ನಾನು ಅದಕ್ಕೆ ಹಾಕ್ತೀನಿ. ನಾಳೆ ಸಂಜೆ ನಿನ್ನ ಕಾಲೇಜಲ್ಲಿರು. ಹಾಕಲ್ಲ ಅಂದ್ರೆ ನಾನು ಮೇಲಿನವರಿಗೆ ಬರೀಬೇಕು, ವಿಚಾರಣೆ ಅಂತಾರೆ, ಅದು ಮುಗಿಯೋವರೆಗೂ ನಿನ್ನನ್ನ ಬಿಡೋಕೆ ನನಗೆ ಅಧಿಕಾರ ಇಲ್ಲ. ಒಂದು ವರ್ಷ ಆಗುತ್ತೋ ಎರಡಾಗುತ್ತೋ. ನಿನ್ನ ಸೀಟು ಕಾಯುತ್ತಾ? ನಾನು ಹೆದರಿಸ್ತಿಲ್ಲಮ್ಮ. ಕೇಳಿಕೊಳ್ತಿದೀನಿ. ಹಾಕು.”

ಅವಳು ಪೆನ್ನನ್ನು ಎತ್ತಿಕೊಂಡಳು. ಅದು ಅವರ ಜೇಬಿನ ಬಿಸಿಯಲ್ಲಿ ಬೆಚ್ಚಗಿತ್ತು. ಮುಚ್ಚಳವನ್ನು ಹುಡುಕಿ, ಪೆನ್ನಿಗೆ ಹಾಕಿ, ಎರಡು ಕೈಯಲ್ಲೂ ಹಿಡಿದು ಅವರ ಕಡೆ ಚಾಚಿದಳು.

“ಹಾಕಲ್ಲ ಸರ್.”